ನಾಲೆಯ ನೀರಿನ ಹಿಂದೆಯೇ ಬಂದ ವಿದ್ಯೆ: ಮಂಡ್ಯದ ವಿ.ಸಿ. ಫಾರಂ ಮತ್ತು ಕೃಷಿ ಮಹಾವಿದ್ಯಾಲಯ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಭತ್ತದ ಗರಿ ಸುಟ್ಟಂತಾದರೆ, ಕಬ್ಬಿನ ಸುಳಿ ಒಣಗಿದರೆ, ಮನೆಯ ಹಿರಿಯರು ಹೇಳುವ ಮಾತು ಒಂದೇ: "ಒಂದು ಗರಿ ಕಿತ್ಕೊಂಡು ಫಾರಂಗೆ ಹೋಗಿ ತೋರಿಸ್ಕೊಂಡು ಬಾರಪ್ಪ." ಯಾವ ಫಾರಂ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಹೆಸರು ಹೊತ್ತ ವಿ.ಸಿ. ಫಾರಂ ಈ ಸೀಮೆಯ ರೈತ ಕುಟುಂಬಗಳ ಮೂರು ನಾಲ್ಕು ತಲೆಮಾರಿಗೆ ಅಷ್ಟು ಪರಿಚಿತ. ಅದೇ ನೆಲದಲ್ಲಿ ಬೆಳೆದು ನಿಂತ ಕೃಷಿ ಮಹಾವಿದ್ಯಾಲಯದಲ್ಲಿ ಓದಿ ಬದುಕು ಕಟ್ಟಿಕೊಂಡ ನಮಗೆ ಆ ಸಂಸ್ಥೆಯ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆದಿಡುವುದು ಹೆಮ್ಮೆಯ ಕೆಲಸ, ಋಣ ಸಂದಾಯದ ಕೆಲಸವೂ ಹೌದು.

ಕಟ್ಟಡ ಕಟ್ಟಿ, ಪಠ್ಯ ಬರೆದು, ಆಮೇಲೆ ಅಭ್ಯಾಸಕ್ಕೊಂದು ಹೊಲ ಹುಡುಕಿಕೊಳ್ಳುವ ಕಾಲೇಜುಗಳೇ ಹೆಚ್ಚು. ಇಲ್ಲಿ ನಡೆದದ್ದು ಬೇರೆ. ಮೊದಲು ನೀರು ಬಂತು, ನೀರಿನ ಜೊತೆಗೆ ಪ್ರಶ್ನೆಗಳು ಬಂದವು, ಉತ್ತರ ಹುಡುಕಲು ಫಾರಂ ಬಂತು. ಫಾರಂ ಹುಟ್ಟಿ ಅರವತ್ತು ವರ್ಷಗಳ ಮೇಲೆ ಕಾಲೇಜು ಬಂತು. ಹಾಗಾಗಿ ಇಲ್ಲಿ ಏನು ಕಲಿಸಬೇಕು ಎಂಬುದನ್ನು ಮೊದಲಿನಿಂದಲೂ ಈ ಪ್ರದೇಶದ ಗದ್ದೆ, ಕಾರ್ಖಾನೆ, ಮಾರುಕಟ್ಟೆಗಳೇ ತೀರ್ಮಾನಿಸುತ್ತ ಬಂದಿವೆ. ಸಂಸ್ಥೆಯ ಇಷ್ಟೂ ವರ್ಷಗಳ ಬಾಳಿಕೆಗೆ ಮೂಲ ಕಾರಣ ಇದೇ ಎಂಬುದು ನಮ್ಮ ದೃಢವಾದ ನಂಬಿಕೆ.

ಈ ಪರಂಪರೆಯ ಬೇರು ಮಂಡ್ಯದಿಂದ ದೂರದ ಹೆಬ್ಬಾಳದಲ್ಲಿದೆ. 1899ರಲ್ಲಿ, ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದಾಗ, ಕೃಷಿ ಪ್ರಯೋಗಗಳಿಗೆಂದು ಹೆಬ್ಬಾಳದಲ್ಲಿ 30 ಎಕರೆ ಭೂಮಿ ಬಿಟ್ಟುಕೊಟ್ಟರು. ಮಣ್ಣಿನ ರಸಾಯನ ಶಾಸ್ತ್ರಜ್ಞ ಡಾ. ಅಡಾಲ್ಫ್ ಲೆಹ್ಮನ್ ಅಲ್ಲಿ ಕೆಲಸ ಆರಂಭಿಸಿದರು. 1908ರಲ್ಲಿ ಕೆನಡಾದಿಂದ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಕೀಟ ಮತ್ತು ಶಿಲೀಂಧ್ರ ತಜ್ಞರಾಗಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದರು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆ ಆರಂಭವಾಯಿತು. ಮಲೆನಾಡಿನ ಅಡಿಕೆ ತೋಟಗಳನ್ನು ಕಾಡುತ್ತಿದ್ದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೈತರಿಗೆ ಕಲಿಸಿದವರು ಈ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಬುನಾದಿ ಹಾಕಿದವರೂ ಅವರೇ. ಕೃಷಿ ಇಲಾಖೆಯ ನಿರ್ದೇಶಕರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ದುಡಿದ ಅವರ ದೊಡ್ಡ ಕನಸೊಂದು ನೆಲೆ ಕಂಡದ್ದು ಮಾತ್ರ ನಮ್ಮ ಮಂಡ್ಯದಲ್ಲಿ.

1911ರಲ್ಲಿ ಕನ್ನಂಬಾಡಿಯಲ್ಲಿ ಅಣೆಕಟ್ಟೆಯ ಕೆಲಸ ಶುರುವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರು ಸಿಂಹಾಸನದಲ್ಲಿದ್ದರು, ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದರು. ಎರಡು ದಶಕಗಳ ನಂತರ, ಸರ್ ಮಿರ್ಜಾ ಇಸ್ಮಾಯಿಲ್ ಅವರ ದಿವಾನಗಿರಿಯ ಕಾಲದಲ್ಲಿ, ಹುಲಿಕೆರೆಯ ಗುಡ್ಡವನ್ನು ಒಂದೂವರೆ ಮೈಲಿಗೂ ಹೆಚ್ಚು ಉದ್ದಕ್ಕೆ ಕೊರೆದು ನಾಲೆಯ ನೀರನ್ನು ಮಂಡ್ಯದ ಕಡೆಗೆ ತಿರುಗಿಸಲಾಯಿತು. ಅಂದಿನ ವೈಸರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಎನಿಸಿಕೊಂಡದ್ದೇ ಸ್ವಾತಂತ್ರ್ಯದ ಬಳಿಕ ವಿಶ್ವೇಶ್ವರಯ್ಯ ನಾಲೆಯಾಯಿತು. ಸುಮಾರು 1,20,000 ಎಕರೆಗೆ ನೀರುಣಿಸುವ ಯೋಜನೆ ಅದು.

ನೀರು ಬಂತೆಂದರೆ ಎಲ್ಲವೂ ಬಂದಂತೆ ಎಂದು ಇಂದು ನಮಗೆ ಅನ್ನಿಸಬಹುದು. ಆ ದಿನಗಳಲ್ಲಿ ಪರಿಸ್ಥಿತಿ ಹಾಗಿರಲಿಲ್ಲ. ಕೆರೆಯ ಹಿಂದಿನ ಸ್ವಲ್ಪ ಗದ್ದೆಗಳನ್ನು ಬಿಟ್ಟರೆ ಇದು ರಾಗಿ, ಹುರುಳಿ, ಅವರೆ ಬೆಳೆಯುತ್ತಿದ್ದ ಮಳೆಯಾಶ್ರಿತ ನೆಲ. ಮುಗಿಲು ನೋಡಿ ಬಿತ್ತುವುದರಲ್ಲಿ ನಮ್ಮ ಹಿರಿಯರಿಗಿದ್ದ ಜಾಣ್ಮೆ ದೊಡ್ಡದು. ಆದರೆ ತೂಬಿನಿಂದ ನೀರು ತಿರುಗಿಸಿಕೊಂಡು, ಬೇಕಾದಷ್ಟನ್ನೇ ನಿಲ್ಲಿಸಿ, ಮಿಕ್ಕಿದ್ದನ್ನು ಬಸಿಯಲು ಬಿಡುವ ನೀರಾವರಿ ಬೇಸಾಯ ಅವರಲ್ಲಿ ಹೆಚ್ಚಿನವರಿಗೆ ಹೊಸದು. ಎರಡು ಮೂರು ವರ್ಷ ಹೆಚ್ಚು ನೀರು ನಿಂತ ಕಡೆ ಚೌಳು ಏಳುತ್ತಿತ್ತು. ನಾಲೆಯ ಜೊತೆ ಮಲೇರಿಯಾವೂ ಬಂತು. ಭತ್ತ, ಕಬ್ಬು, ಅರೆಖುಷ್ಕಿ ಬೆಳೆಗಳನ್ನು ಸರದಿಯ ಮೇಲೆ ಬೆಳೆಯಬೇಕೆಂಬ ಸರ್ಕಾರದ ಏರ್ಪಾಡನ್ನು ಒಪ್ಪಿಕೊಳ್ಳಲು ರೈತರು ಹಿಂಜರಿದರೆಂದರೆ ಅದರಲ್ಲಿ ಅಚ್ಚರಿಯಿಲ್ಲ. ಕಣ್ಣಾರೆ ಕಾಣದ ಬೆಳೆಯನ್ನು ನಂಬಿ ಯಾರು ತಾನೇ ಹೊಲ ಒಪ್ಪಿಸುತ್ತಾರೆ?

ಆ ಕಣ್ಣಾರೆ ಕಾಣಿಸುವ ಕೆಲಸಕ್ಕೆಂದೇ 1931ರಲ್ಲಿ ಇರ್ವಿನ್ ನಾಲೆ ಫಾರಂ ಸ್ಥಾಪನೆಯಾಯಿತು. ಈ ಮಣ್ಣಿಗೆ ಯಾವ ಭತ್ತ ಒಗ್ಗುತ್ತದೆ, ಕಬ್ಬಿಗೆ ಎಷ್ಟು ನೀರು ಸಾಕು, ಗೊಬ್ಬರ ಯಾವಾಗ ಕೊಡಬೇಕು, ಬಸಿಗಾಲುವೆ ಎಲ್ಲಿ ತೆಗೆಯಬೇಕು ಎಂಬುದನ್ನೆಲ್ಲ ಇದೇ ನಾಲೆಯ ನೀರಿನಲ್ಲಿ ಬೆಳೆದು ತೋರಿಸುವುದು ಅದರ ಉದ್ದೇಶ. ಸರ್ಕಾರದ ಆದೇಶಕ್ಕಿಂತ ಪಕ್ಕದ ತಾಕಿನ ಫಸಲು ಹೆಚ್ಚು ಮನವೊಲಿಸುತ್ತದೆ ಎಂದು ಕೋಲ್ಮನ್ ಬಲ್ಲವರಾಗಿದ್ದರು. ಹೊರದೇಶದಿಂದ ಬಂದ ವಿಜ್ಞಾನಿಯೊಬ್ಬರು ಮಂಡ್ಯದ ರೈತನ ಮನಸ್ಸನ್ನು ಅಷ್ಟು ಚೆನ್ನಾಗಿ ಓದಿಕೊಂಡಿದ್ದರು ಎಂಬುದನ್ನು ನೆನೆದರೆ ಇಂದಿಗೂ ಗೌರವದಿಂದ ತಲೆ ಬಾಗುತ್ತದೆ.

1933ರಲ್ಲಿ ಮೈಸೂರು ಸಕ್ಕರೆ ಕಂಪನಿ, ನಮ್ಮೆಲ್ಲರ ಬಾಯಲ್ಲಿ ಮೈಷುಗರ್, ಮಂಡ್ಯದಲ್ಲಿ ಸ್ಥಾಪನೆಯಾದದ್ದು ಈ ಚರಿತ್ರೆಯ ಮುಖ್ಯ ತಿರುವು. ಆ ಯೋಜನೆಯ ಹಿಂದೆಯೂ ಕೋಲ್ಮನ್ ಅವರ ದುಡಿಮೆ, ಮಿರ್ಜಾ ಅವರ ಬೆಂಬಲ ಇದ್ದವು. ಕಾರ್ಖಾನೆ ಬಂದೊಡನೆ ಬೇಸಾಯ ಬಲ್ಲ, ಲೆಕ್ಕವನ್ನೂ ಬಲ್ಲ ಜನ ಬೇಕಾದರು. ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಗುಂಟೆ ಕಬ್ಬಿದೆ ಎಂದು ಒಪ್ಪಿಗೆ ಬರೆಸಿಕೊಳ್ಳುವವರು, ತನಿ ಬೆಳೆ ಯಾವುದು ಕೂಳೆ ಯಾವುದು ಎಂದು ಗದ್ದೆಯ ಬದುವಿನಲ್ಲಿ ನಿಂತೇ ಹೇಳುವವರು, ಕಬ್ಬಿನ ರಸ ಒಂದು ಹನಿ ಹಿಂಡಿ ಬ್ರಿಕ್ಸ್ ನೋಡಿ ಕಟಾವಿಗೆ ದಿನ ಗೊತ್ತು ಮಾಡುವವರು ಬೇಕಾದರು. ದಿನ ಮೊದಲಾದರೆ ಸಕ್ಕರೆ ಅಂಶ ಕಡಿಮೆ, ತಡವಾದರೆ ಕಬ್ಬು ಸೂಲಂಗಿ ಬಿಟ್ಟು ತೂಕ ಇಳಿಯುತ್ತದೆ. ಎರಡರಲ್ಲೂ ನಷ್ಟ ರೈತನದೇ. ಫೀಲ್ಡ್‌ಮನ್ ಎಂಬ ಹುದ್ದೆ ನಮ್ಮ ಹಳ್ಳಿಗಳಲ್ಲಿ ಮರ್ಯಾದೆಯ ಹುದ್ದೆಯಾದದ್ದು ಈ ಹೊಣೆಯಿಂದಲೇ. ಮಂಡ್ಯ ಸೀಮೆಯಲ್ಲಿ ಕೃಷಿ ವಿದ್ಯೆಗೆ ಸಂಬಳ ಕೊಟ್ಟು ಕರೆದ ಮೊದಲ ದೊಡ್ಡ ಉದ್ಯೋಗದಾತ ಸಕ್ಕರೆ ಕಾರ್ಖಾನೆಯೇ. ಮುಂದೆ ಪಾಂಡವಪುರದ ಸಹಕಾರ ಸಕ್ಕರೆ ಕಾರ್ಖಾನೆ, ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿ ಮತ್ತು ಕೊಪ್ಪದ ಕಾರ್ಖಾನೆಗಳು ಆ ಸಾಲಿಗೆ ಸೇರಿದವು.

1939ರ ಜುಲೈ 1ರಂದು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಅದರ ಹಿಂದಿನ ವರ್ಷವಷ್ಟೇ ನಮ್ಮ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ನಾಲೆಯ ನೀರು ಕುಡಿದ ನೆಲದಲ್ಲಿ ಹೊಸ ಆತ್ಮವಿಶ್ವಾಸವೂ ಮೊಳೆತ ಕಾಲ ಅದು. ಸ್ವಾತಂತ್ರ್ಯಾನಂತರ 1964ರಲ್ಲಿ ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾಲಯ ಆರಂಭವಾಗಿ, ಡಾ. ಕೆ.ಸಿ. ನಾಯಕ್ ಅವರು ಅದರ ಮೊದಲ ಕುಲಪತಿಗಳಾದರು. ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಧ್ಯೇಯದ ಆ ವಿಶ್ವವಿದ್ಯಾಲಯದ ತೆಕ್ಕೆಗೆ ವಿ.ಸಿ. ಫಾರಂ ಕೂಡ ಬಂತು.

ಫಾರಂನ ಚರಿತ್ರೆಯಲ್ಲಿ ಹೆಚ್ಚು ಹೊತ್ತು ನಿಂತು ನೆನೆಯಬೇಕಾದ ಹೆಸರು ರಾಗಿ ಲಕ್ಷ್ಮಣಯ್ಯನವರದು. ನಮ್ಮ ನಾಡಿನಲ್ಲಿ ಬೆಳೆಯೊಂದರ ಹೆಸರೇ ಬಿರುದಾಗಿ ಮನುಷ್ಯರ ಹೆಸರಿಗೆ ಅಂಟಿಕೊಳ್ಳುವುದು ಅಪರೂಪದ ಗೌರವ. ರಾಗಿಯಲ್ಲಿ ಸಂಕರ ಮಾಡುವುದು ಎಷ್ಟು ಕಷ್ಟ ಎಂಬುದು ಆ ಹೂವನ್ನು ಭೂತಗನ್ನಡಿಯಲ್ಲಿ ನೋಡಿದವರಿಗೇ ಗೊತ್ತು. ಹೂವು ಅತಿ ಸಣ್ಣದು, ತನ್ನ ಪರಾಗದಿಂದ ತಾನೇ ಕಾಳು ಕಟ್ಟುವ ಜಾತಿ. ಅದು ಅರಳುವುದೂ ನಡುರಾತ್ರಿ ಕಳೆದ ಮೇಲೆ, ಬೆಳಕು ಹರಿಯುವ ಮುಂಚೆ. ಎರಡು ಗಿಡಗಳ ತೆನೆಗಳನ್ನು ಒಂದಕ್ಕೊಂದು ತಾಗಿಸಿ ಕಟ್ಟಿ, ಕಾಳು ಮಾಗಿದ ಮೇಲೆ ಬಿತ್ತಿ, ಹುಟ್ಟಿದ ನೂರಾರು ಸಸಿಗಳಲ್ಲಿ ಬೆರಳೆಣಿಕೆಯ ಸಂಕರ ಸಸಿಗಳನ್ನು ಗುರುತಿಸಬೇಕು. ಹಸಿರು ಗಿಣ್ಣಿನ ತಾಯಿಗೆ ನೇರಳೆ ಬಣ್ಣದ ತಂದೆಯನ್ನು ಕೂಡಿಸಿದ್ದರೆ, ಮರಿಗಿಡದ ಗಿಣ್ಣಿನಲ್ಲಿ ನೇರಳೆ ಕಂಡಲ್ಲಿ ಸಂಕರ ಫಲಿಸಿದೆ ಎಂದರ್ಥ. ಹೀಗೆ ಒಂದೊಂದೇ ಗಿಡ ಹಿಡಿದು, ವರ್ಷಗಟ್ಟಲೆ, ಪೀಳಿಗೆಯಿಂದ ಪೀಳಿಗೆಗೆ ಸಾಗುವ ತಪಸ್ಸು ಅದು.

ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳ ಹಿಂದೆಯೂ, 1970ರ ದಶಕದಿಂದ ಬಂದ ಇಂಡಾಫ್ ಸರಣಿಯ ಹಿಂದೆಯೂ ಲಕ್ಷ್ಮಣಯ್ಯನವರ ಆ ತಪಸ್ಸಿದೆ. ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ಪಡೆದ ಇಂಡಾಫ್ ತಳಿಗಳು ದಪ್ಪ ತೆನೆ, ತುಂಬಿದ ಕಾಳು ಕೊಟ್ಟು ರಾಜ್ಯದ ರಾಗಿ ಇಳುವರಿಯ ಲೆಕ್ಕಾಚಾರವನ್ನೇ ಬದಲಿಸಿದವು. ಮುಂಗಾರಿನಲ್ಲಿ ಬೇಗ ಬಿತ್ತುವವರಿಗೆ ಇಂಡಾಫ್-8, ತಡವಾದವರಿಗೆ ಬೇರೊಂದು ಎಂದು ರೈತರು ಸಂಖ್ಯೆ ಹಿಡಿದೇ ಬೀಜ ಕೇಳುತ್ತಿದ್ದರು. ಊಟಕ್ಕೆ ಮುದ್ದೆಯಿಲ್ಲದೆ ನಡೆಯದ ಈ ಸೀಮೆಯ ಮನೆಮನೆಯ ತಟ್ಟೆಗೂ ಫಾರಂ ತಲುಪಿದ್ದು ಹೀಗೆ. ಅವರ ನಂತರವೂ ರಾಗಿ ಕೆಲಸ ನಿಲ್ಲಲಿಲ್ಲ. ಕೆ.ಎಂ.ಆರ್. ಎಂಬ ಅಕ್ಷರಗಳಿಂದ ಆರಂಭವಾಗುವ ತಳಿಗಳೆಲ್ಲ ಮಂಡ್ಯದ ಕೊಡುಗೆ, ಅವುಗಳಲ್ಲಿ ಕೆ.ಎಂ.ಆರ್.-340 ಬಿಳಿ ರಾಗಿಯಾದ್ದರಿಂದ ಬಿಸ್ಕತ್ತು, ಬೇಕರಿ ತಿನಿಸು ಮಾಡುವವರಿಗೂ ಒದಗುತ್ತದೆ.

ಭತ್ತದಲ್ಲಿ ಮಂಡ್ಯ ವಿಜಯ, ತನು ಮುಂತಾದ ತಳಿಗಳು ಇಲ್ಲಿಂದ ಹೊರಟವು. ಚಾಮರಾಜನಗರ ಸೀಮೆಯ ಮಾದಾಪುರದಲ್ಲಿ ಹುಟ್ಟಿ, ಮುಂದೆ ಪದ್ಮಭೂಷಣರಾದ ಡಾ. ಎಂ. ಮಹದೇವಪ್ಪನವರಂಥ ಹಿರಿಯರು ವಿಶ್ವವಿದ್ಯಾಲಯದ ಭತ್ತದ ತಳಿ ಸಂಶೋಧನೆಗೆ ಹಾಕಿಕೊಟ್ಟ ದಾರಿಯಲ್ಲಿ ನಡೆದು, 1996ರಲ್ಲಿ ಮಂಡ್ಯ ಕೆ.ಆರ್.ಎಚ್.-2 ಎಂಬ ಸಂಕರ ಭತ್ತವನ್ನು ದೇಶಕ್ಕೆ ಕೊಟ್ಟಿತು. ಅದರ ಗಂಡು ತಳಿ ಕೆ.ಎಂ.ಆರ್.-3 ಇಲ್ಲಿಯದೇ. ಕಬ್ಬಿನಲ್ಲಿ ವಿ.ಸಿ.ಎಫ್. 0517 ಫಾರಂನ ಹೆಸರನ್ನು ಜಿಲ್ಲೆಯಾಚೆಗೂ ಒಯ್ದಿದೆ.

ಇನ್ನು ಕಾಲೇಜಿನ ಮಾತು. ಕೃಷಿ ಮಹಾವಿದ್ಯಾಲಯ ಫಾರಂನ ಆವರಣದಲ್ಲಿ ಆರಂಭವಾದದ್ದು 1991ರಲ್ಲಿ. ಆ ವರ್ಷವನ್ನು ಮಂಡ್ಯ ಜಿಲ್ಲೆ ಬೇರೊಂದು ಕಾರಣಕ್ಕೂ ಮರೆಯಲಾರದು. ಜೂನ್ ತಿಂಗಳಲ್ಲಿ ಕಾವೇರಿ ನ್ಯಾಯಮಂಡಳಿ ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂಬ ಮಧ್ಯಂತರ ಆದೇಶ ಕೊಟ್ಟಿತು. ಊರೂರಿನಲ್ಲಿ ರಸ್ತೆ ತಡೆ, ಬಂದ್, ಧರಣಿ. ಅರವತ್ತು ವರ್ಷಗಳ ಹಿಂದೆ ಬಂದ ನೀರನ್ನು ಬಳಸುವುದು ಹೇಗೆ ಎಂದು ಕಲಿಸಲು ಹುಟ್ಟಿದ ಸಂಸ್ಥೆಗೆ, ಇರುವ ನೀರಿನಲ್ಲಿ ಬದುಕುವುದು ಹೇಗೆ ಎಂದು ಕಲಿಸುವ ಹೊಣೆ ಅದೇ ವರ್ಷ ಬಂದು ಸೇರಿತು. ಆರಂಭದ ತಂಡಗಳ ಹುಡುಗ ಹುಡುಗಿಯರು ಬೆಳಿಗ್ಗೆ ತರಗತಿಯಲ್ಲಿ ಬೆಳೆಯ ನೀರಿನ ಬೇಡಿಕೆಯ ಸೂತ್ರ ಕಲಿತು, ಸಂಜೆ ಊರಿಗೆ ಹೋದರೆ ಅಪ್ಪ ಚಿಕ್ಕಪ್ಪಂದಿರು ನಾಲೆ ನೀರಿಗಾಗಿ ಹೆದ್ದಾರಿಯಲ್ಲಿ ಕುಳಿತಿರುತ್ತಿದ್ದರು. ಪಾಠ ಅವರಿಗೆ ಬರೀ ಪರೀಕ್ಷೆಯ ವಿಷಯವಾಗಿ ಉಳಿಯುವುದು ಸಾಧ್ಯವೇ ಇರಲಿಲ್ಲ.

ಮದ್ದೂರು, ಮಳವಳ್ಳಿಯವರಾದ ನಮಗೆ ಇದು ಇನ್ನಷ್ಟು ಹತ್ತಿರದ ಸಂಗತಿ. ನಾಲೆಯ ಕೊನೇ ಭಾಗದವರು ನಾವು. ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಾಗ ಮೇಲಿನವರ ಗದ್ದೆ ತುಂಬಿದ ಮೇಲೆ ನಮ್ಮ ತೂಬಿಗೆ ಸರದಿ. ಒಟ್ಲು ಬಿಟ್ಟು, ಸಸಿ ವಯಸ್ಸು ಮೀರುತ್ತಿದ್ದರೂ ನಾಟಿಗೆ ನೀರು ಬರದ ವರ್ಷಗಳನ್ನು ನಮ್ಮ ಮನೆಗಳೆಲ್ಲ ಕಂಡಿವೆ. ಕೆಸರು ಮಾಡದೆ, ನೀರು ನಿಲ್ಲಿಸದೆ, ರಾಗಿಯ ಹಾಗೆ ಕೂರಿಗೆಯಲ್ಲಿ ಬಿತ್ತಿ ಬೆಳೆಯುವ ಏರೋಬಿಕ್ ಭತ್ತವನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಹೊರತಂದಾಗ ಕೊನೇ ಭಾಗದ ರೈತರು ಅದನ್ನು ಆಸೆಯಿಂದ ನೋಡಿದ್ದು ಇದಕ್ಕಾಗಿಯೇ. ಕಳೆಯ ಕಾಟ ಹೆಚ್ಚು ಎಂಬ ದೂರು ಇಂದಿಗೂ ಇದೆ, ನಿಜ. ಆ ದೂರಿಗೆ ಉತ್ತರ ಹುಡುಕುವುದೂ ಈ ವಿದ್ಯೆಯ ಭಾಗವೇ.

ಕೃಷಿ ಪದವಿಯ ಸೀಟುಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಪಾಲು 2021ರಲ್ಲಿ ಶೇ 40ರಿಂದ ಶೇ 50ಕ್ಕೆ ಏರಿತು. ಆ ಕೋಟಾದಲ್ಲಿ ಬರುವವರಿಗೆ ಒಂದು ಪ್ರಾಯೋಗಿಕ ಪರೀಕ್ಷೆಯಿದೆ. ಮೇಜಿನ ಮೇಲೆ ಬೀಜ, ಗೊಬ್ಬರ, ರೋಗ ಬಿದ್ದ ಎಲೆ, ಸಲಕರಣೆಗಳನ್ನು ಸಾಲಾಗಿ ಇಟ್ಟಿರುತ್ತಾರೆ, ನೋಡಿ ಗುರುತಿಸಬೇಕು. ಇದು ಹಾರಕ, ಇದು ಸಾಮೆ, ಇದು ಕೂರಿಗೆಯ ತಾಳು ಎಂದು ಹದಿನೆಂಟು ವರ್ಷದ ಹುಡುಗಿಯೊಬ್ಬಳು ತಡವರಿಸದೆ ಬರೆಯುತ್ತಾಳೆ. ಅವಳು ಅದನ್ನು ಕಲಿತದ್ದು ಅವ್ವನ ಜೊತೆ ಕಣದಲ್ಲಿ. ಮನೆಯಲ್ಲಿ ಕಲಿತದ್ದಕ್ಕೂ ಅಂಕ ಕೊಡುವ ಈ ವ್ಯವಸ್ಥೆಯನ್ನು ರೂಪಿಸಿದ ಎಲ್ಲರಿಗೂ ನಮ್ಮ ವಂದನೆಗಳು ಸಲ್ಲಬೇಕು.

ನಾಲ್ಕು ವರ್ಷದ ಪದವಿಯ ಕೊನೆಯಲ್ಲಿ ಬರುವ ಗ್ರಾಮೀಣ ಕೃಷಿ ಕಾರ್ಯಾನುಭವ ನಮ್ಮೆಲ್ಲರ ಬದುಕಿನ ಮರೆಯದ ಅಧ್ಯಾಯ. ವಿದ್ಯಾರ್ಥಿಗಳು ತಂಡ ತಂಡವಾಗಿ ಹಳ್ಳಿಯಲ್ಲಿ ಮನೆ ಮಾಡಿಕೊಂಡು ತಿಂಗಳುಗಟ್ಟಲೆ ಉಳಿಯುತ್ತಾರೆ. ಮೊದಲ ವಾರ ಊರಿನವರು ಅನುಮಾನದಿಂದಲೇ ನೋಡುತ್ತಾರೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯಲು ಕುಳಿತಾಗ ಬಿಗುಮಾನ ಸಡಿಲುತ್ತದೆ. ಕೆರೆ ಅಲ್ಲಲ್ಲ, ಇಲ್ಲಿ ಬರಬೇಕು ಎಂದು ಅಜ್ಜನೊಬ್ಬ ಬಂದು ತಿದ್ದುತ್ತಾನೆ. ಗೋಮಾಳ ಎಷ್ಟಿತ್ತು, ಈಗೆಷ್ಟು ಉಳಿದಿದೆ ಎಂದು ಇನ್ನೊಬ್ಬರು ಹೇಳುತ್ತಾರೆ. ಬೀಜೋಪಚಾರ ಮಾಡಿ ತೋರಿಸುವುದು, ಮಣ್ಣಿನ ಮಾದರಿ ತೆಗೆಯುವುದು, ಬೆಳ್ಳಂಬೆಳಿಗ್ಗೆ ಹಾಲಿನ ಡೇರಿಯ ಮುಂದೆ ನಿಂತು ರೈತ ಮಹಿಳೆಯರ ಜೊತೆ ಮೇವಿನ ಮಾತಾಡುವುದು, ಕಡೆಯಲ್ಲಿ ವಸ್ತು ಪ್ರದರ್ಶನ. ನಾವು ಕಲಿಸಿದ್ದಕ್ಕಿಂತ ಕಲಿತು ಬಂದದ್ದೇ ಹೆಚ್ಚು. ಅದೇ ಅವಧಿಯಲ್ಲಿ ಕೃಷಿ ಆಧಾರಿತ ಉದ್ಯಮಗಳಿಗೆ ಹೋಗಿ ಕೆಲಸ ನೋಡಿ ಬರುವ ಏರ್ಪಾಡೂ ಇದೆ. ಸಕ್ಕರೆ ಕಾರ್ಖಾನೆ, ಬೀಜ ಸಂಸ್ಕರಣಾ ಘಟಕ, ಗೆಜ್ಜಲಗೆರೆಯ ಮನ್‌ಮುಲ್ ಡೇರಿ ಮುಂತಾದ ಕಡೆ ಕೆಲಸ ಕೊಡುವವರು ಪದವೀಧರರಿಂದ ಏನನ್ನು ಬಯಸುತ್ತಾರೆ ಎಂಬುದು ನಮಗೆ ಮನವರಿಕೆಯಾಗುವುದು ಅಲ್ಲೇ.

ಅವರು ಬಯಸುವುದು ಏನು? ಬೀಜ ಕಂಪನಿಯ ಉದಾಹರಣೆ ನೋಡೋಣ. ಸಂಕರ ಭತ್ತದ ಬೀಜೋತ್ಪಾದನೆಯಲ್ಲಿ ಎಂಟು ಸಾಲು ಹೆಣ್ಣು ತಳಿ, ಎರಡು ಸಾಲು ಗಂಡು ತಳಿ ಎಂಬ ಲೆಕ್ಕದಲ್ಲಿ ನಾಟಿ ಮಾಡುತ್ತಾರೆ. ಎರಡೂ ಒಂದೇ ಹೊತ್ತಿಗೆ ಹೂ ಬಿಡುವಂತೆ ಬಿತ್ತನೆಯ ದಿನಗಳನ್ನು ಹೊಂದಿಸಬೇಕು. ಹೂವಾಡುವ ದಿನಗಳಲ್ಲಿ, ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಗದ್ದೆಯ ಎರಡು ಬದಿಯಲ್ಲಿ ಇಬ್ಬರು ನಿಂತು ಹಗ್ಗವನ್ನು ತೆನೆಗಳ ಮೇಲೆ ಎಳೆದುಕೊಂಡು ಹೋದರೆ ಗಂಡು ಸಾಲಿನ ಪರಾಗ ಧೂಳಿನಂತೆ ಎದ್ದು ಹೆಣ್ಣು ಸಾಲಿನ ಮೇಲೆ ಕೂರುತ್ತದೆ. ಬೆರಕೆ ಗಿಡ ಒಂದು ಉಳಿದರೂ ಬೀಜದ ಶುದ್ಧತೆ ಕೆಡುತ್ತದೆ. ಎಲೆಯ ಬಣ್ಣ, ಎತ್ತರ, ಪರಾಗಕೋಶದ ರೂಪ ನೋಡಿ ಅದನ್ನು ಕಿತ್ತೆಸೆಯುವ ಕಣ್ಣು ಬೇಕು. ಈ ಕಣ್ಣು ಪುಸ್ತಕದಿಂದ ಬರುವುದಿಲ್ಲ. ಕೆ.ಆರ್.ಎಚ್.-2 ಹುಟ್ಟಿದ ಗದ್ದೆಗಳಲ್ಲೇ ಹಗ್ಗ ಹಿಡಿದು ಕಲಿತವರು ಬೀಜೋದ್ಯಮದಲ್ಲಿ ನೆಲೆಯೂರಲು ಆ ಅನುಭವ ಆಸರೆಯಾಯಿತು.

2002ರ ಹೊತ್ತಿಗೆ ಕರ್ನಾಟಕದ ಕಬ್ಬಿಗೆ ಬಿಳಿ ಉಣ್ಣೆ ಹೇನು ಬಿದ್ದಾಗಲೂ ಈ ಬಗೆಯ ತರಬೇತಿಯ ಬೆಲೆ ಗೊತ್ತಾಯಿತು. ಎಲೆಯ ತಳಭಾಗವೆಲ್ಲ ಬಿಳಿ ಹತ್ತಿ ಮೆತ್ತಿದಂತಾಗಿ, ಕೆಳಗಿನ ಎಲೆಗಳ ಮೇಲೆ ಕಪ್ಪು ಬೂಜು ಹಬ್ಬಿ ಬೆಳೆ ಸೊರಗುತ್ತಿತ್ತು. ಆಳೆತ್ತರ ಬೆಳೆದ ಕಬ್ಬಿನೊಳಗೆ ನುಗ್ಗಿ ಔಷಧಿ ಹೊಡೆಯುವುದು ಹೇಗೆ? ಹೇನನ್ನು ತಿನ್ನುವ ಡೈಫಾ ಹುಳು ಕಂಡ ಗರಿಗಳನ್ನು ಗುರುತಿಸಿ, ಕೊಯ್ದು, ಹೇನು ಬಿದ್ದ ಬೇರೆ ತಾಕಿಗೆ ಸಾಗಿಸುವುದು ಫಲ ಕೊಟ್ಟಿತು. ಶತ್ರು ಯಾವುದು, ಮಿತ್ರ ಯಾವುದು ಎಂದು ಗರಿಯ ಮೇಲೆ ಬೆರಳಿಟ್ಟು ತೋರಿಸುವವರು ಆಗ ಕಾರ್ಖಾನೆಗಳಿಗೂ ಇಲಾಖೆಗೂ ಬೇಕಾದರು. ಮದ್ದೂರಿನ ತೆಂಗಿನ ತೋಟಗಳಲ್ಲಿ ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಪರೋಪಜೀವಿಯನ್ನು ಸಾಕಿ ಬಿಡುವುದೂ ಇದೇ ಜಾಣ್ಮೆಯ ಕೆಲಸ. ನಾಡಿನ ಮೂಲೆ ಮೂಲೆಗೆ ಲಾರಿಗಟ್ಟಲೆ ಎಳನೀರು ಕಳಿಸುವ ಮದ್ದೂರು ಮಾರುಕಟ್ಟೆಯ ಹಿಂದೆ ಈ ಕಾಣದ ದುಡಿಮೆಯೂ ಇದೆ.

ಕಾಲೇಜಿನಿಂದ ಹೊರಬಂದವರು ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಅಧಿಕಾರಿಗಳಾಗಿ, ಬ್ಯಾಂಕುಗಳಲ್ಲಿ ಕೃಷಿ ಸಾಲದ ಹೊಣೆ ಹೊತ್ತವರಾಗಿ, ಬೀಜ ಗೊಬ್ಬರ ಕಂಪನಿಗಳಲ್ಲಿ, ಸಂಶೋಧನೆಯಲ್ಲಿ, ಆಡಳಿತ ಸೇವೆಯಲ್ಲಿ ಹರಡಿಕೊಂಡಿದ್ದಾರೆ. 2002ರಲ್ಲಿ ಕೇಂದ್ರ ಸರ್ಕಾರ ತಂದ ಕೃಷಿ ಚಿಕಿತ್ಸಾಲಯ ಯೋಜನೆಯಿಂದ ಸ್ವಂತ ಉದ್ಯಮಕ್ಕೂ ದಾರಿಯಾಯಿತು.

ಪದವಿಯ ಹೊರಗೆ ನಡೆಯುವ ಕೆಲಸವನ್ನು ನಾವು ಅಷ್ಟೇ ಮುಖ್ಯವೆಂದು ಎಣಿಸುತ್ತೇವೆ. ಕೃಷಿ ಡಿಪ್ಲೊಮಾ ಕನ್ನಡದಲ್ಲೇ ನಡೆಯುತ್ತದೆ. ಎಸ್ಸೆಸ್ಸೆಲ್ಸಿ ಮುಗಿಸಿ ಹಳ್ಳಿಯಲ್ಲೇ ನಿಲ್ಲಬಯಸುವ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿದ್ಯೆ ಇನ್ನೊಂದಿಲ್ಲ. ಗೊಬ್ಬರ, ಔಷಧಿ ಅಂಗಡಿಯವರಿಗೆ ನಡೆಸುವ ಡೇಸಿ ಡಿಪ್ಲೊಮಾ 48 ವಾರಗಳದು. ವಾರಕ್ಕೊಮ್ಮೆ, ಅಂಗಡಿಗೆ ರಜೆ ಇರುವ ದಿನ ತರಗತಿ, ನಡುನಡುವೆ ಹೊಲಗಳ ಭೇಟಿ. ನಮ್ಮ ರೈತ ಬೆಳೆಗೆ ರೋಗ ಬಂದಾಗ ಮೊದಲು ಮಾತಾಡಿಸುವುದು ಅಂಗಡಿಯವನನ್ನೇ ಎಂಬ ಸತ್ಯವನ್ನು ಒಪ್ಪಿಕೊಂಡು, ಆ ಅಂಗಡಿಯವರನ್ನೇ ವಿದ್ಯಾರ್ಥಿಗಳನ್ನಾಗಿ ಕೂರಿಸಿದ್ದು ದೊಡ್ಡ ವಿವೇಕ. ನಡುವಯಸ್ಸು ದಾಟಿದ ವ್ಯಾಪಾರಿಗಳು ನೋಟ್‌ಬುಕ್ ಹಿಡಿದು ಬಂದು, ಬೆಂಕಿರೋಗದ ಚುಕ್ಕೆಗೂ ಪೋಷಕಾಂಶದ ಕೊರತೆಗೂ ಇರುವ ವ್ಯತ್ಯಾಸ ಬರೆದುಕೊಳ್ಳುವುದಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಎಂದೇ ನಮ್ಮ ಭಾವನೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗಳೂ ಇದೇ ಆವರಣದಲ್ಲಿ ನಡೆಯುತ್ತವೆ.

ಕಷ್ಟದ ವರ್ಷಗಳನ್ನು ನೆನೆಯದೆ ಈ ಚರಿತ್ರೆ ಪೂರ್ಣವಾಗದು. 2015ರಲ್ಲಿ ಕಬ್ಬಿನ ಬೆಲೆ, ಬಾಕಿ ಹಣ, ಸಾಲದ ನಡುವೆ ಸಿಕ್ಕಿ ನಮ್ಮ ಜಿಲ್ಲೆಯ ರೈತರು ಜೀವ ಕಳೆದುಕೊಂಡ ದಿನಗಳಲ್ಲಿ ಕೃಷಿ ಓದಿದ ಪ್ರತಿಯೊಬ್ಬರೂ ಒಳಗೇ ನೊಂದಿದ್ದೇವೆ. ಇಳುವರಿ ಹೆಚ್ಚಿಸುವ ವಿದ್ಯೆಯ ಜೊತೆಗೆ ಬೆಲೆ, ಮಾರುಕಟ್ಟೆ, ಸಂಸ್ಕರಣೆಯ ವಿದ್ಯೆಯೂ ಅಷ್ಟೇ ಬೇಕು ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮೈಷುಗರ್ ಯಂತ್ರಗಳು ಕೆಲವು ವರ್ಷ ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಲು ಆರಂಭಿಸಿದ ಸುದ್ದಿ ಮಂಡ್ಯಕ್ಕೆ ಹಬ್ಬದ ಸುದ್ದಿಯಾಗಿತ್ತು.

ಈಗ ಬೇಡಿಕೆಗಳು ಮತ್ತೆ ಬದಲಾಗುತ್ತಿವೆ. ಆಳು ಸಿಗದೆ ನಾಟಿ ಯಂತ್ರ ಬಂದಿದೆ; ಅದಕ್ಕೆ ಟ್ರೇಗಳಲ್ಲಿ ಚಾಪೆಯಂಥ ಸಸಿ ಮಡಿ ಬೆಳೆಸಿಕೊಡುವವರು ಬೇಕು. ಕಬ್ಬಿನ ಒಂಟಿ ಕಣ್ಣಿನ ಸಸಿಗಳನ್ನು ಬೆಳೆಸಿ ಮಾರುವ ನರ್ಸರಿಗಳು ಹಳ್ಳಿ ಯುವಕರಿಗೆ ಕಸುಬಾಗಿವೆ. ಕಟಾವು ಯಂತ್ರ ಓಡಬೇಕಾದರೆ ಸಾಲಿನ ಅಂತರ ಹೆಚ್ಚಿಸಬೇಕು, ಆ ಅಂತರದಲ್ಲಿ ಮಿಶ್ರ ಬೆಳೆ ಯಾವುದು ಎಂದು ಹೇಳುವವರು ಬೇಕು. ಡ್ರೋನ್ ಹಾರಿಸಿ ಔಷಧಿ ಸಿಂಪಡಿಸುವವರಿಗೆ ಎಷ್ಟು ನೀರಿಗೆ ಎಷ್ಟು ಔಷಧಿ, ಗಾಳಿ ಯಾವ ಕಡೆಯದು ಎಂಬ ತಿಳಿವಳಿಕೆ ಬೇಕು. ಆಲೆಮನೆಗಳಲ್ಲಿ ರಾಸಾಯನಿಕ ಬಳಸದೆ ಒಳ್ಳೆಯ ಬಣ್ಣದ ಬೆಲ್ಲ ತೆಗೆಯುವ ಹದ ಬೇಕು. ಕೊಪ್ಪರಿಗೆಯಲ್ಲಿ ಪಾಕ ಏರುವ ಹೊತ್ತು ನೋಡಿ ಇಳಿಸುವ ಹಿರಿಯ ಬೆಲ್ಲದ ಕೆಲಸಗಾರರ ಅನುಭವವನ್ನು ಪ್ರಯೋಗಾಲಯದ ಅಳತೆಗೆ ಜೋಡಿಸಿಕೊಡಬಲ್ಲ ಜಾಗ ಈ ಸೀಮೆಯಲ್ಲಿ ಯಾವುದಾದರೂ ಇದ್ದರೆ ಅದು ಫಾರಂ.

2024-25ರ ರಾಜ್ಯ ಬಜೆಟ್‌ನಲ್ಲಿ ಮಂಡ್ಯಕ್ಕೆ ಸಮಗ್ರ ಕೃಷಿ ವಿಶ್ವವಿದ್ಯಾಲಯ ಘೋಷಣೆಯಾದಾಗ ಹಳೆಯ ವಿದ್ಯಾರ್ಥಿಗಳಾದ ನಮಗಾದ ಸಂತೋಷ ಸಣ್ಣದಲ್ಲ. ನಾಲೆ ದಡದ ಪ್ರಯೋಗ ತಾಕುಗಳಾಗಿ ಆರಂಭವಾದದ್ದು ನೆರೆಯ ಜಿಲ್ಲೆಗಳಿಗೂ ನೆರಳಾಗುವ ವಿಶ್ವವಿದ್ಯಾಲಯವಾಗುವುದೆಂದರೆ ಕೋಲ್ಮನ್, ಲಕ್ಷ್ಮಣಯ್ಯ ಮೊದಲಾದ ಹಿರಿಯರ ಶ್ರಮಕ್ಕೆ ಸಂದ ಮನ್ನಣೆ.

ಈ ಹೊತ್ತಿನಲ್ಲಿ ಸಂಸ್ಥೆಯ ಮುಂದೆ ನಮ್ಮ ಎರಡು ವಿನಂತಿಗಳಿವೆ. ಹೊಸ ವಿಭಾಗಗಳು, ಹೊಸ ಕೋರ್ಸುಗಳು ಎಷ್ಟೇ ಬರಲಿ, ಯಾವ ವಿದ್ಯಾರ್ಥಿಯೂ ಹಳ್ಳಿಯಲ್ಲಿ ಉಳಿದು ದುಡಿಯದೆ ಪದವಿ ಪಡೆಯುವಂತಾಗಬಾರದು. ಎರಡನೆಯದು ನಮ್ಮ ತಾಲ್ಲೂಕುಗಳ ಮಾತು. ಮದ್ದೂರು ಮತ್ತು ಮಳವಳ್ಳಿಯ ನಾಲೆ ಕೊನೆಯ ಊರುಗಳಲ್ಲಿ ಫಾರಂನ ಕಾಯಂ ಪ್ರಾತ್ಯಕ್ಷಿಕೆ ತಾಕುಗಳು ಆಗಬೇಕು. ನೀರು ಕಡಿಮೆಯಾದ ವರ್ಷ ಏನು ಬಿತ್ತಬೇಕೆಂಬುದನ್ನು ಅಲ್ಲಿಯ ರೈತರು ತಮ್ಮ ತೂಬಿನ ಪಕ್ಕದಲ್ಲೇ ನೋಡುವಂತಾಗಬೇಕು. ಅದಕ್ಕೆ ಬೇಕಾದ ಜಮೀನು ಬಿಟ್ಟುಕೊಡಲು, ಬರುವ ವಿದ್ಯಾರ್ಥಿಗಳಿಗೆ ಊಟ ವಸತಿಯ ಏರ್ಪಾಡು ಮಾಡಲು, ಮುಂಗಾರು ಬಿತ್ತನೆಗೆ ಮುಂಚೆ ರೈತರನ್ನು ಸೇರಿಸಲು ಆ ಊರುಗಳಲ್ಲಿರುವ ಹಳೆಯ ವಿದ್ಯಾರ್ಥಿಗಳು ಮುಂದೆ ನಿಲ್ಲುತ್ತೇವೆ.